ರಸ್ತೆ ಒಂದೇ, ಯಜಮಾನರು ಹಲವರು

ಕಳೆದ ಸಂಚಿಕೆಯಲ್ಲಿ ಬಾಡಿಗೆ ಕರಾರಿನ ವಿಷಯವಾಗಿ ನಾಲ್ಕು ಮಾತು ಬರೆದ ಮೇಲೆ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಡಿಗೆಯ ಬಗೆಗೇ ಇದ್ದವು. ಒಂದು ಪತ್ರ ಮಾತ್ರ ಬೇರೆ ಬಗೆಯದು. ಅಂಧೇರಿಯ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಮನೆಗೂ ಮಗುವಿನ ಶಾಲೆಗೂ ನಡುವೆ ಒಂದು ದೊಡ್ಡ ರಸ್ತೆ ಇದೆ. ದಾಟುವವರ ಹಸಿರು ದೀಪ ಹತ್ತಿತೆಂದು ಹೊರಟರೆ, ನಾನೂ ಮಗುವೂ ನಡುರಸ್ತೆಗೆ ಬರುವಷ್ಟರಲ್ಲಿ ಅದು ಆರಿಹೋಗುತ್ತದೆ. ಅತ್ತೆಯವರು ಜತೆಗಿದ್ದರಂತೂ ಕೇಳುವುದೇ ಬೇಡ. ಒಂದು ಕಚೇರಿಯಲ್ಲಿ ವಿಚಾರಿಸಿದರೆ ಇನ್ನೊಂದಕ್ಕೆ ಹೋಗಿ ಎನ್ನುತ್ತಾರೆ. ನೀವು ಸರ್ಕಾರಿ ಕಚೇರಿಯಲ್ಲಿ ಇರುವವರು. ಈ ರಸ್ತೆಯ ಯಜಮಾನರು ಯಾರೆಂದು ದಯವಿಟ್ಟು ತಿಳಿಸಿ.”

ನಾನು ಕೆಲಸ ಮಾಡುವುದು ರಸ್ತೆಗೂ ವಾಹನಕ್ಕೂ ಯಾವ ಸಂಬಂಧವಿಲ್ಲದ ಇಲಾಖೆಯಲ್ಲಿ. ಆದರೂ ಕಾರಕೂನನಿಗೆ ಕಾರಕೂನನ ಭಾಷೆ ತಿಳಿಯುತ್ತದೆ. ಕಾಗದ ಎಲ್ಲಿ ಹುಟ್ಟುತ್ತದೆ, ಯಾವ ಮೇಜಿನ ಮೇಲೆ ನಿಲ್ಲುತ್ತದೆ, ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತದೆ ಎಂಬುದು ಎಲ್ಲ ಇಲಾಖೆಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಸೋದರಿಯವರ ಪ್ರಶ್ನೆಗೆ ಒಂದು ವಾಕ್ಯದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ದೀಪದ ಕಂಬ ಮಹಾನಗರಪಾಲಿಕೆಯದು. ಆ ದೀಪ ಎಷ್ಟು ಹೊತ್ತು ಉರಿಯಬೇಕೆಂಬ ಮಾತು ಸಂಚಾರ ಪೋಲೀಸರದು. ಹೀಗೇಕೆ ಎಂದು ಕೇಳಿದರೆ ಕಥೆ ಸ್ವಲ್ಪ ಉದ್ದವಿದೆ.

ಮೊದಲು ನಮ್ಮ ಮುಂಬಯಿಯ ಆಕಾರವನ್ನು ನೆನೆಯಬೇಕು. ಏಳು ದ್ವೀಪಗಳ ನಡುವೆ ಮಣ್ಣು ತುಂಬಿ ಜೋಡಿಸಿದ ನೆಲ ಇದು. ಉದ್ದಕ್ಕೆ ಚಾಚಿಕೊಂಡಿದೆ, ಅಗಲ ಸಾಲದು. ಕೋಟೆ, ಬ್ಯಾಂಕುಗಳು, ಮಂತ್ರಾಲಯ ಎಲ್ಲವೂ ದಕ್ಷಿಣದ ತುದಿಯಲ್ಲಿ. ನಮ್ಮಂಥವರ ಮನೆಗಳು ಉತ್ತರದಲ್ಲಿ. ಬೆಳಗಾದರೆ ಜನವೆಲ್ಲ ದಕ್ಷಿಣಕ್ಕೆ, ಸಂಜೆಯಾದರೆ ಉತ್ತರಕ್ಕೆ. ಈಚೆಗೆ ಬಾಂದ್ರಾ-ಕುರ್ಲಾ ಸಂಕೀರ್ಣ ಬೆಳೆದು ಆ ಪ್ರವಾಹ ತುಸು ಚದುರಿದೆ, ಅಷ್ಟೆ. ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಎಂಬ ಎರಡು ಹಳಿದಾರಿಗಳು ಊರನ್ನು ಉದ್ದುದ್ದ ಸೀಳಿವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದವನು ಎಲ್ಲಾದರೂ ಒಂದು ಸೇತುವೆ ಹತ್ತಲೇಬೇಕು, ಇಲ್ಲವೇ ಹಳಿಯ ಕೆಳಗೆ ನುಸುಳಬೇಕು. 1907ರಲ್ಲಿ ವಿದ್ಯುತ್ ಟ್ರಾಮು ಬಂತು, 1926ರಲ್ಲಿ ಬಸ್ಸು ಬಂತು. 1964ರ ಮಾರ್ಚಿ 31ರಂದು ಕೊನೆಯ ಟ್ರಾಮು ಓಡಿ ನಿಂತಿತು. ಆ ಟ್ರಾಮಿನಲ್ಲಿ ಕುಳಿತು ಪರಳದಿಂದ ಬೋರಿಬಂದರಿಗೆ ಹೋದ ಹಿರಿಯರು ನಮ್ಮ ಸಂಘದಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ. ಟ್ರಾಮು ದಾರಿ ಬಿಟ್ಟುಕೊಟ್ಟದ್ದು ಬಸ್ಸಿಗೆಂದು ಅಂದು ಹೇಳಿದರು. ಬಸ್ಸನ್ನು ಹಿಂದಿಕ್ಕಿ ಕಾರು ಆ ದಾರಿಯನ್ನು ಹಿಡಿಯಿತು.

ಇಂಥ ಊರಿನ ರಸ್ತೆಗೆ ಯಜಮಾನರು ಯಾರು? ಕಾಯಿದೆಯ ಪ್ರಕಾರ ಊರೊಳಗಿನ ಸಾರ್ವಜನಿಕ ಬೀದಿಗಳು ಮಹಾನಗರಪಾಲಿಕೆಯ ವಶದಲ್ಲಿವೆ. ಆ ಕಾಯಿದೆ 1888ರದು. ಅಂದರೆ ಮೋಟಾರು ಗಾಡಿ ಈ ದೇಶಕ್ಕೆ ಬರುವ ಮೊದಲೇ ಹುಟ್ಟಿದ್ದು. ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ತೆಗೆಯುವುದು, ರಸ್ತೆ ಹಾಸುವುದು ಇವೆಲ್ಲ ಪಾಲಿಕೆಯ ಕರ್ತವ್ಯಗಳು. ಸುಮಾರು 2,000 ಕಿಲೋಮೀಟರು ರಸ್ತೆ ಅವರ ಪಾಲಿಗಿದೆ. ಆದರೆ ಆ ರಸ್ತೆಯ ಮೇಲೆ ಓಡುವ ವಾಹನ ಪಾಲಿಕೆಯ ಮಾತು ಕೇಳಬೇಕಾಗಿಲ್ಲ. ಅದನ್ನು ನಿಲ್ಲಿಸುವುದು, ತಿರುಗಿಸುವುದು, ಏಕಮುಖ ಸಂಚಾರವೆಂದು ಸಾರುವುದು, ದಂಡ ಹಾಕುವುದು, ಇವೆಲ್ಲ 1988ರ ಮೋಟಾರು ವಾಹನ ಕಾಯಿದೆ ಮತ್ತು ಪೋಲೀಸು ಕಾಯಿದೆಗಳ ಬಲದಿಂದ ನಡೆಯುವ ಕೆಲಸ. ವರಳಿಯಲ್ಲಿ ಸಂಚಾರ ಪೋಲೀಸರ ಮುಖ್ಯ ಕಚೇರಿ ಇದೆ. ಒಬ್ಬ ಜಂಟಿ ಕಮಿಶನರರು ಅದರ ಮುಖ್ಯಸ್ಥರು. ಪಾಲಿಕೆ ಕಂಬ ನೆಡುತ್ತದೆ, ತಂತಿ ಎಳೆಯುತ್ತದೆ, ದೀಪ ಕೆಟ್ಟರೆ ರಿಪೇರಿ ಮಾಡಿಸುತ್ತದೆ. ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಎಂದು ಹೇಳುವವರು ಪೋಲೀಸರು. ನಗರದ 250ಕ್ಕೂ ಮಿಕ್ಕ ಕೂಡುರಸ್ತೆಗಳ ದೀಪಗಳನ್ನು ಕಂಪ್ಯೂಟರಿಗೆ ಜೋಡಿಸಿ, ಬರುವ ವಾಹನಗಳನ್ನು ನೋಡಿಕೊಂಡು ಸಮಯ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆಯೂ ಇದೆ. ಅದನ್ನು ಕಟ್ಟಿಸಿದ್ದು ಪಾಲಿಕೆ, ಅದರ ಮುಂದೆ ಕುಳಿತು ನೋಡುವವರು ಪೋಲೀಸರು.

ಇಷ್ಟಕ್ಕೇ ಮುಗಿದಿದ್ದರೆ ಸಂಸಾರ ಸುಲಭವಿತ್ತು. 1975ರಲ್ಲಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವೊಂದು ಬಂತು; ಎಂ.ಎಂ.ಆರ್.ಡಿ.ಎ. ಎಂದು ಎಲ್ಲರೂ ಕರೆಯುವುದು ಅದನ್ನೇ. ಮುಂಬಯಿ ಮಾತ್ರವಲ್ಲ, ಠಾಣೆ, ಕಲ್ಯಾಣ, ವಸಯಿ, ನವಿಮುಂಬಯಿ, ಪನವೇಲಿನವರೆಗೆ ಆರು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ನೆಲಕ್ಕೆ ಯೋಜನೆ ಮಾಡುವುದು ಅದರ ಕೆಲಸ. ಹೆಸರಿಗೆ ಯೋಜಿಸುವವರು, ಹೊಂದಿಸುವವರು. ಆದರೆ ಬಾಂದ್ರಾ-ಕುರ್ಲಾ ಸಂಕೀರ್ಣದ ನೆಲವನ್ನು ಗುತ್ತಿಗೆಗೆ ಕೊಟ್ಟು ಬಂದ ಹಣ ಕೈಯಲ್ಲಿದ್ದುದರಿಂದ ಅವರು ಕಟ್ಟುವ ಕೆಲಸಕ್ಕೂ ಇಳಿದರು. 2013ರಲ್ಲಿ ತೆರೆದ ಪೂರ್ವ ಮುಕ್ತಮಾರ್ಗ ಅವರದು. 2024ರ ಜನವರಿ 12ರಂದು ತೆರೆದ, ಶಿವಡಿಯಿಂದ ಸಮುದ್ರ ದಾಟಿ ನ್ಹಾವಾ-ಶೇವಾ ಕಡೆಗೆ ಹೋಗುವ ಸುಮಾರು 22 ಕಿಲೋಮೀಟರಿನ ಅಟಲ್ ಸೇತುವೂ ಅವರದೇ. ಇನ್ನು 1996ರಲ್ಲಿ ಹುಟ್ಟಿದ ರಾಜ್ಯ ರಸ್ತೆ ನಿಗಮ, ಅಂದರೆ ಎಂ.ಎಸ್.ಆರ್.ಡಿ.ಸಿ., ಬೇರೆ. ಊರೊಳಗಿನ ಮೇಲ್ಸೇತುವೆಗಳ ಸಾಲನ್ನೂ, ಪುಣೆಗೆ ಹೋಗುವ ವೇಗಮಾರ್ಗವನ್ನೂ, 2009ರ ಬಾಂದ್ರಾ-ವರಳಿ ಸಮುದ್ರಸೇತುವನ್ನೂ ಕಟ್ಟಿಸಿದವರು ಅವರು. ಆ ಸಮುದ್ರಸೇತುವಿನ ಮುಂದುವರಿಕೆಯಂತೆ ಕಾಣುವ ಕರಾವಳಿ ರಸ್ತೆ ಮಾತ್ರ ಪಾಲಿಕೆ ಕಟ್ಟಿದ್ದು. ಅದರ ಮೊದಲ ಭಾಗ ತೆರೆದದ್ದು 2024ರ ಮಾರ್ಚಿಯಲ್ಲಿ. ಕಾರಿನಲ್ಲಿ ಕುಳಿತವನಿಗೆ ಒಂದೇ ದಾರಿ. ಕಾಗದದಲ್ಲಿ ಅವನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಾಲಿಟ್ಟಂತೆ.

ಕಟ್ಟಿದವರೇ ಸಾಕುತ್ತಾರೆಂದೂ ತಿಳಿಯಬಾರದು. ಹೆತ್ತವಳು ದೇವಕಿ, ಸಾಕಿದವಳು ಯಶೋದೆ ಎಂಬುದು ಇಲ್ಲಿ ದಿನನಿತ್ಯದ ವ್ಯವಹಾರ. ಪೂರ್ವ, ಪಶ್ಚಿಮ ದ್ರುತಗತಿ ಹೆದ್ದಾರಿಗಳೆರಡೂ ಲೋಕೋಪಯೋಗಿ ಇಲಾಖೆಯಿಂದ ಪ್ರಾಧಿಕಾರಕ್ಕೆ ಬಂದು, ಅಲ್ಲಿಂದ 2022ರ ಕೊನೆಯಲ್ಲಿ ಪಾಲಿಕೆಯ ಮಡಿಲಿಗೆ ಬಿದ್ದವು. ಅಷ್ಟು ವರ್ಷ ಆ ಹೆದ್ದಾರಿಯ ಗುಂಡಿಯನ್ನು ಕುರಿತು ಪಾಲಿಕೆಗೆ ಬರೆದ ಪತ್ರ ಸರಿಯಾದ ವಿಳಾಸಕ್ಕೆ ಬರೆದದ್ದಲ್ಲ. ಈಗ ಪ್ರಾಧಿಕಾರಕ್ಕೆ ಬರೆದರೆ ಅದು ಸರಿಯಾದ ವಿಳಾಸವಲ್ಲ. ರಸ್ತೆ ಇದ್ದಲ್ಲಿಯೇ ಇದೆ, ಅದರ ಮನೆತನದ ಹೆಸರು ಬದಲಾಯಿತು.

ಊರಿಗೆ ಹೋಗುವ ದಾರಿಯಲ್ಲಿಯೂ ಇದೇ ಕಥೆ. ಕಾರವಾರ, ಉಡುಪಿ ಕಡೆಯವರು ಪನವೇಲಿನಿಂದ ಗೋವಾ ಹೆದ್ದಾರಿ ಹಿಡಿಯುತ್ತಾರಲ್ಲವೇ? ಆ ರಸ್ತೆಯನ್ನು ಅಗಲಿಸುವ ಕೆಲಸ 2011ರಲ್ಲಿ ಆರಂಭವಾಯಿತು. ಪನವೇಲಿನಿಂದ ಇಂದಾಪುರದವರೆಗಿನ 84 ಕಿಲೋಮೀಟರು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಗೆ, ಅಲ್ಲಿಂದ ಮುಂದಿನದು ರಾಜ್ಯದ ಲೋಕೋಪಯೋಗಿ ಇಲಾಖೆಯ ಕೈಗೆ. ಗಣಪತಿ ಹಬ್ಬಕ್ಕೆ ಊರಿಗೆ ಹೊರಟವರ ಸೊಂಟಕ್ಕೆ ಈ ಭೇದ ಗೊತ್ತಾಗುವುದಿಲ್ಲ. ಧಾರವಾಡ, ಬೆಳಗಾವಿ ಕಡೆಯ ನಾವು ಆ ಮಟ್ಟಿಗೆ ಪುಣ್ಯವಂತರು.

ಹಲವು ಯಜಮಾನರಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೋದರಿಯವರ ಅಂಧೇರಿಯಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ಪೂರ್ವ-ಪಶ್ಚಿಮ ಅಂಧೇರಿಗಳನ್ನು ಕೂಡಿಸುವ ಗೋಖಲೆ ಸೇತುವೆಯ ಕಾಲುದಾರಿ 2018ರ ಜುಲೈ 3ರ ಬೆಳಿಗ್ಗೆ ರೈಲುಹಳಿಗಳ ಮೇಲೆ ಕುಸಿದುಬಿತ್ತು. 2022ರ ನವೆಂಬರಿನಲ್ಲಿ ಸೇತುವೆಯನ್ನು ಪೂರ್ತಿ ಮುಚ್ಚಿದರು. ಹಳಿಯ ಮೇಲಿನ ಸೇತುವೆಯೆಂದರೆ ರೈಲ್ವೆಯ ಅನುಮತಿ ಬೇಕು, ರೈಲ್ವೆಯ ನಿಯಮ ನಡೆಯಬೇಕು. ಈಗಿನ ನಿಯಮದಂತೆ ಹಳಿಯಿಂದ ಸೇತುವೆಯ ತಳಕ್ಕೆ ಮೊದಲಿಗಿಂತ ಹೆಚ್ಚು ಎತ್ತರ ಬೇಕಾಗಿತ್ತು. ಸರಿ, ಹೊಸ ಸೇತುವೆ ಎತ್ತರಕ್ಕೆ ಎದ್ದಿತು. 2024ರ ಫೆಬ್ರವರಿಯಲ್ಲಿ ಅದರ ಒಂದು ಪಾರ್ಶ್ವ ತೆರೆದಾಗ ಊರೆಲ್ಲ ಬಾಯಿಮೇಲೆ ಬೆರಳಿಟ್ಟಿತು. ಹಳೆಯ ಸೇತುವೆಗೆ ಕೂಡಿಕೊಂಡಿದ್ದ ಬರ್ಫಿವಾಲಾ ಮೇಲ್ಸೇತುವೆ ಕೆಳಗೆ, ಹೊಸದು ಮೇಲೆ. ನಡುವೆ ಆಳೆತ್ತರದ ಅಂತರ! ನಿಂತ ನೀರಿಗೆ ಇಳಿಜಾರು ನೋಡುವ ಗಾರೆಯವನೂ ಮೊದಲು ಎರಡು ತುದಿಗೆ ದಾರ ಹಿಡಿದು ನೋಡುತ್ತಾನೆ. ಕೊನೆಗೆ ವಿ.ಜೆ.ಟಿ.ಐ. ಸಂಸ್ಥೆಯ ತಜ್ಞರ ಸಲಹೆಯಂತೆ ಬರ್ಫಿವಾಲಾ ಸೇತುವೆಯನ್ನೇ ಜಾಕುಗಳಿಂದ ಎತ್ತಿ ಹೊಸದಕ್ಕೆ ಜೋಡಿಸಿದರು. ಅದು ಮುಗಿದದ್ದು ಜುಲೈಯಲ್ಲಿ. ಸೇತುವೆಯ ಎರಡನೆಯ ಪಾರ್ಶ್ವ ತೆರೆದದ್ದು 2025ರ ಮೇ ತಿಂಗಳಲ್ಲಿ. ಎತ್ತಿದ ಇಂಜಿನಿಯರರ ಕೌಶಲವನ್ನು ಮೆಚ್ಚಲೇಬೇಕು. ಆದರೆ ಎರಡೂವರೆ ವರ್ಷ ಅಂಧೇರಿಯ ಜನ ಆಸ್ಪತ್ರೆಗೆ, ಶಾಲೆಗೆ, ಸ್ಟೇಶನ್ನಿಗೆ ಸುತ್ತಿ ಸುತ್ತಿ ಹೋದುದನ್ನು ಯಾವ ಅಂದಾಜುಪಟ್ಟಿಯಲ್ಲಿ ಬರೆಯಬೇಕು?

ಹೀಗಾಗಬಾರದೆಂದೇ ದೊಡ್ಡ ನಗರಗಳಲ್ಲಿ ರಸ್ತೆ, ಬಸ್ಸು, ರೈಲು ಎಲ್ಲವನ್ನೂ ಒಟ್ಟಿಗೆ ನೋಡುವ ಒಂದೇ ಪ್ರಾಧಿಕಾರ ಇರಬೇಕೆಂದು ಕೇಂದ್ರ ಸರ್ಕಾರದ 2006ರ ನಗರಸಾರಿಗೆ ನೀತಿ ಹೇಳಿತು. ಬೆಂಗಳೂರಿಗಾಗಿ ನಮ್ಮ ಕರ್ನಾಟಕದಲ್ಲಿ ಅಂಥದೊಂದು ಕಾಯಿದೆ 2022ರಲ್ಲಿ ಆಯಿತು. ಅದರ ಹಿಂದೆಯೇ ಅಲ್ಲಿಯ ಮಹಾನಗರಪಾಲಿಕೆಯನ್ನು 2025ರಲ್ಲಿ ಐದಾಗಿ ಒಡೆದು ಮೇಲೊಂದು ಬೃಹತ್ ಪ್ರಾಧಿಕಾರವನ್ನು ಕೂಡಿಸಿದ್ದಾರೆ. ಒಂದು ಕೈಯಿಂದ ಕೂಡಿಸುವುದು, ಇನ್ನೊಂದು ಕೈಯಿಂದ ಭಾಗಿಸುವುದು. ಗಣಿತದಲ್ಲಿ ಉತ್ತರ ಏನು ಬರುತ್ತದೋ ಬೆಂಗಳೂರಿನ ನೆಂಟರೇ ಹೇಳಬೇಕು.

ಈಗ ದೀಪದ ಸೆಕೆಂಡುಗಳಿಗೆ ಬರೋಣ. ನನ್ನ ಮನಸ್ಸಿನಲ್ಲಿ ಹೆಚ್ಚು ಕುಳಿತ ವಿಷಯ ಇದು. ರಸ್ತೆಯ ಮೇಲೆ ಎಷ್ಟು ದಟ್ಟಣೆ ಇದೆಯೆಂದು ಅಳೆಯುವುದಕ್ಕೆ ಇಂಜಿನಿಯರರಿಗೆ ಒಂದು ಮಾನ ಬೇಕು. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಇಂಥ ಮಾನಗಳನ್ನು ಗೊತ್ತುಮಾಡುತ್ತದೆ. ಒಂದು ಕಾರು ಎಂದರೆ 1. ಬಸ್ಸೋ ಲಾರಿಯೋ ಆದರೆ ಎರಡರಿಂದ ನಾಲ್ಕರ ಒಳಗೆ. ಸ್ಕೂಟರು ಅರ್ಧ, ಹೆಚ್ಚೆಂದರೆ ಮುಕ್ಕಾಲು. ರಿಕ್ಷಾ ಒಂದಕ್ಕಿಂತ ಸ್ವಲ್ಪ ಹೆಚ್ಚು. ಕೈಗಾಡಿಗೂ ಒಂದು ಅಂಕಿ ಇದೆ, ಅದು ನಿಧಾನವಾಗಿ ಹೋಗಿ ಹಿಂದಿನವರನ್ನು ತಡೆಯುವುದರಿಂದ ಕಾರಿಗಿಂತ ಹೆಚ್ಚೇ. ನಡೆದುಹೋಗುವ ಮನುಷ್ಯನಿಗೆ ಈ ಪಟ್ಟಿಯಲ್ಲಿ ಅಂಕಿಯಿಲ್ಲ. ಐವತ್ತು ಜನ ನೇತಾಡುವ ಬೆಸ್ಟ್ ಬಸ್ಸು ಮೂರು ಕಾರಿಗೆ ಸಮ. ಆ ಮೂರು ಕಾರುಗಳಲ್ಲಿ ಒಬ್ಬೊಬ್ಬರೇ ಕುಳಿತಿದ್ದರೂ ಲೆಕ್ಕ ಅಷ್ಟೇ. ಇದು ವಾಹನದ ಎಣಿಕೆ, ಜನರ ಎಣಿಕೆಯಲ್ಲ. ಅದೇ ಎಣಿಕೆಯ ಮೇಲೆ ಹಸಿರು ದೀಪದ ಹಂಚಿಕೆ ನಡೆಯುತ್ತದೆ.

ನಡೆಯುವವರೇನು ನಾಲ್ಕು ಜನವೇ? ಇದೇ ಪ್ರದೇಶಾಭಿವೃದ್ಧಿ ಪ್ರಾಧಿಕಾರ 2008ರಲ್ಲಿ ಮುಗಿಸಿದ ಸಮಗ್ರ ಸಾರಿಗೆ ಅಧ್ಯಯನದಲ್ಲಿ, ಈ ಪ್ರದೇಶದ ಜನರ ದಿನನಿತ್ಯದ ಓಡಾಟದಲ್ಲಿ ಅರ್ಧಕ್ಕೂ ಮಿಕ್ಕಿದ್ದು ಬರಿಗಾಲಿನ ನಡಿಗೆಯೆಂದು ಕಂಡುಬಂತು. ರೈಲು ಹಿಡಿಯುವವನೂ ಮೊದಲು ನಡೆಯಬೇಕು, ಇಳಿದಮೇಲೂ ನಡೆಯಬೇಕು. ಅಪಘಾತದಲ್ಲಿ ಸಾಯುವವರಲ್ಲಿಯೂ ಹೆಚ್ಚಿನವರು ನಡೆಯುವವರು ಮತ್ತು ದ್ವಿಚಕ್ರದವರು.

ನ್ಯಾಯಕ್ಕೆ ಹೇಳಬೇಕೆಂದರೆ, ದಾಟುಪಟ್ಟಿ ಎಲ್ಲಿ ಬೇಕೆಂದು ಗೊತ್ತುಮಾಡುವಾಗ ನಡೆಯುವವರನ್ನೂ ಎಣಿಸುತ್ತಾರೆ. ಅದರ ಸೂತ್ರ ಕಾರಕೂನರಿಗೆ ಮೆಚ್ಚುಗೆಯಾಗುವಂಥದು. ಗಂಟೆಗೆ ಎಷ್ಟು ವಾಹನ ಎಂಬುದನ್ನು ಅದೇ ಸಂಖ್ಯೆಯಿಂದ ಗುಣಿಸಿ, ಬಂದುದನ್ನು ಗಂಟೆಗೆ ಎಷ್ಟು ಜನ ದಾಟುತ್ತಾರೆ ಎಂಬುದರಿಂದ ಗುಣಿಸಬೇಕು. ನಡುವೆ ವಿಭಾಜಕವಿಲ್ಲದ ರಸ್ತೆಯಾದರೆ ಉತ್ತರ ಹತ್ತು ಕೋಟಿ ಮೀರಬೇಕು. ವಿಭಾಜಕವಿದ್ದರೆ ಇಪ್ಪತ್ತು ಕೋಟಿ. ಗಂಟೆಗೆ 600 ವಾಹನ, 400 ಜನ ಎಂದಿಟ್ಟುಕೊಳ್ಳಿ. ಆರುನೂರರ ವರ್ಗ 3,60,000; ಅದನ್ನು ನಾನೂರರಿಂದ ಗುಣಿಸಿದರೆ 14 ಕೋಟಿ 40 ಲಕ್ಷ. ಪಟ್ಟಿ ಬಳಿಯುವುದಕ್ಕೆ ಸಾಲುತ್ತದೆ. ಇದರಲ್ಲಿ ಒಂದೇ ತೊಡಕು. ರಸ್ತೆ ತೀರಾ ಅಪಾಯದ್ದಾಗಿ ಮುದುಕರು, ಮಕ್ಕಳು ಅಲ್ಲಿ ದಾಟುವುದನ್ನೇ ಬಿಟ್ಟರೆ ದಾಟುವವರ ಸಂಖ್ಯೆ ಇಳಿಯುತ್ತದೆ, ಲೆಕ್ಕವೂ ಇಳಿಯುತ್ತದೆ. ಹೆದರಿ ದಾಟದೆ ನಿಂತವರನ್ನು ಯಾವ ಹಾಳೆಯಲ್ಲಿಯೂ ಬರೆದುಕೊಳ್ಳುವುದಿಲ್ಲ.

ದಾಟುವವರಿಗೆ ಎಷ್ಟು ಸೆಕೆಂಡು ಕೊಡಬೇಕು ಎಂಬುದಕ್ಕೂ ಅದೇ ಸಂಸ್ಥೆಯ ಮಾನವಿದೆ. ಮನುಷ್ಯ ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಹಿಡಿಯುತ್ತಾರೆ. 18 ಮೀಟರಿನ ರಸ್ತೆಗೆ 15 ಸೆಕೆಂಡು. ಕಾಲೆತ್ತುವುದಕ್ಕೆ ಮುಂಚಿನ ಕೆಲವು ಸೆಕೆಂಡು ಬೇರೆ. ಗಟ್ಟಿಮುಟ್ಟಾದ ಕಾರಕೂನನು ಎಂಟೂ ಹದಿನೈದರ ಲೋಕಲ್ಲಿಗೆ ಓಡುವಾಗ ಇದಕ್ಕೂ ಜೋರಾಗಿ ನಡೆದಾನು. ಮಂಡಿನೋವಿನ ಅತ್ತೆಯವರು ಸೆಕೆಂಡಿಗೆ 0.8 ಮೀಟರು ನಡೆದರೆ ಹೆಚ್ಚು. ಅವರಿಗೆ ಅದೇ ರಸ್ತೆಗೆ 23 ಸೆಕೆಂಡು ಬೇಕು. ಆ ಎಂಟು ಸೆಕೆಂಡುಗಳಲ್ಲಿ ಅವರು ನಡುರಸ್ತೆಯಲ್ಲಿ ಕೈಯೆತ್ತಿಕೊಂಡು ನಿಂತಿರುತ್ತಾರೆ. 2020ರಲ್ಲಿ ದಾದರಿನ ಕಡೆ ಕೆಲವು ದೀಪಗಳಲ್ಲಿ ನಡೆಯುವ ಗಂಡಸಿನ ಚಿತ್ರದ ಬದಲು ಹೆಣ್ಣಿನ ಚಿತ್ರವನ್ನು ಇಟ್ಟದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸಂತೋಷವೇ. ಆದರೆ ದಾಟುವವಳಿಗೆ ಬೇಕಾದುದು ಚಿತ್ರಕ್ಕಿಂತ ಸೆಕೆಂಡು. ಅದೇ ವರ್ಷ ಸುದ್ದಿಯಾದ ಪೋಲೀಸರ ಇನ್ನೊಂದು ಕೌತುಕ ನನಗೆ ಹೆಚ್ಚು ಹಿಡಿಸಿತು: ಕೆಂಪು ದೀಪದಲ್ಲಿ ನಿಂತವರ ಹಾರ್ನಿನ ಸದ್ದು 85 ಡೆಸಿಬೆಲ್ ಮೀರಿದರೆ ದೀಪ ಮತ್ತೆ ಮೊದಲಿನಿಂದ ಎಣಿಸತೊಡಗುವ ಏರ್ಪಾಡು. ಪ್ರಯೋಗಕ್ಕೆಂದು ಕೆಲವೆಡೆ ಮಾತ್ರ ಮಾಡಿದ್ದು. ನಮ್ಮ ಮೇಷ್ಟ್ರು ತರಗತಿಯಲ್ಲಿ ಗಲಾಟೆಯಾದರೆ ಬಿಡುವಿನ ಗಂಟೆಯನ್ನು ಮುಂದೂಡುತ್ತಿದ್ದರು, ಅದು ನೆನಪಾಯಿತು.

ಆದ್ದರಿಂದ ಅಂಧೇರಿಯ ಸೋದರಿಯವರು “ದೀಪ ಬೇಗ ಆರುತ್ತದೆ, ಬಹಳ ತೊಂದರೆ” ಎಂದು ಮಾತ್ರ ಬರೆಯಬಾರದು. ತೊಂದರೆ ಎಂಬ ಶಬ್ದಕ್ಕೆ ಕಚೇರಿಯಲ್ಲಿ ಖಾನೆಯಿಲ್ಲ; ಅಂಕಿಗೆ ಇದೆ. ದಾಟುವಾಗ ಹೆಜ್ಜೆಗಳನ್ನು ಎಣಿಸಿಕೊಳ್ಳಲಿ. ದೊಡ್ಡವರ ಹೆಜ್ಜೆ ಸುಮಾರು ಮುಕ್ಕಾಲು ಮೀಟರು, 24 ಹೆಜ್ಜೆಯಾದರೆ ರಸ್ತೆ 18 ಮೀಟರು. ಆಮೇಲೆ ಕಾಲುದಾರಿಯ ಮೇಲೆ ನಿಂತು, ಮೂರು ದಿನ, ಶಾಲೆಯ ಹೊತ್ತಿನಲ್ಲಿ, ಹಸಿರು ಎಷ್ಟು ಸೆಕೆಂಡು ಇತ್ತೆಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಅರ್ಧ ಗಂಟೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮುದುಕರು ದಾಟಿದರೆಂಬ ಎಣಿಕೆಯೂ ಇರಲಿ. ಕೂಡುರಸ್ತೆಯ ಹೆಸರು, ದಿಕ್ಕು, ದಿನಾಂಕ ಸ್ಪಷ್ಟವಿರಬೇಕು. ಸೆಕೆಂಡು ಹೆಚ್ಚಿಸಬೇಕೆಂಬ ಅರ್ಜಿ ಆ ಭಾಗದ ಸಂಚಾರ ಪೋಲೀಸ್ ಚೌಕಿಯ ಹಿರಿಯ ಇನ್ಸ್‌ಪೆಕ್ಟರರಿಗೆ, ಅದರ ನಕಲು ವರಳಿಯ ಜಂಟಿ ಕಮಿಶನರರಿಗೆ. ಪಟ್ಟಿ ಮಾಸಿದ್ದರೆ, ದೀಪ ಕೆಟ್ಟಿದ್ದರೆ, ಕಾಲುದಾರಿ ಒಡೆದಿದ್ದರೆ ಬೇರೊಂದು ಅರ್ಜಿ ಪಾಲಿಕೆಯ ವಾರ್ಡು ಕಚೇರಿಗೆ. ಅಂಧೇರಿ ಪಶ್ಚಿಮವಾದರೆ ಅದು ಕೆ-ವೆಸ್ಟ್. ಎರಡು ವಿಷಯವನ್ನು ಒಂದೇ ಅರ್ಜಿಯಲ್ಲಿ ಬರೆದರೆ ಅದು ಎರಡು ಕಚೇರಿಗಳ ನಡುವೆ ತ್ರಿಶಂಕುವಾಗುತ್ತದೆ. ಮರಾಠಿಯಲ್ಲಿ ಬರೆದರೆ ಬೇಗ ನಡೆಯುತ್ತದೆ. ನಮ್ಮ ಮನೆಗಳ ಮಕ್ಕಳಿಗೆ ಶಾಲೆಯ ಮರಾಠಿ ಬರುತ್ತದೆಯಲ್ಲ, ಬರೆಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದುದು ಆವಕ-ಜಾವಕದ ಮೇಜಿನಲ್ಲಿ ನಿಮ್ಮ ನಕಲಿನ ಮೇಲೆ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳುವುದು. ಸಂಖ್ಯೆಯಿಲ್ಲದ ಅರ್ಜಿ ಹುಟ್ಟೇ ಇಲ್ಲ ಎಂದು ಹೇಳುವುದು ನಮಗೆ ಬಹಳ ಸುಲಭ. ಒಂದು ತಿಂಗಳಾದರೂ ಸದ್ದಿಲ್ಲವಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಕೊಟ್ಟು, “ಇಂಥ ಸಂಖ್ಯೆಯ ಅರ್ಜಿಯ ಮೇಲೆ ಏನು ಕ್ರಮವಾಯಿತು?” ಎಂದು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಆ ಪ್ರಶ್ನೆ ಬಂದ ದಿನ ಮೇಜುಗಳ ಮೇಲಿನ ಧೂಳು ಹೇಗೆ ಹಾರುತ್ತದೆಂಬುದನ್ನು ನಾನು ಒಳಗಿನಿಂದ ಬಲ್ಲೆ.

ಇನ್ನು ಅಗೆತದ ಮಾತು. ಮಾಟುಂಗಾದಲ್ಲಿ ಬಹುಕಾಲದಿಂದ ಹೋಟೆಲು ನಡೆಸುವ ಹಿರಿಯರೊಬ್ಬರು ಮೊನ್ನೆ ಹೇಳಿದರು: “ಮಾರಾಯ್ರೆ, ನಮ್ಮ ಬಾಗಿಲ ಎದುರು ಒಂದೇ ವರ್ಷದಲ್ಲಿ ಮೂರು ಸಲ ಅಗೆದರು. ಒಮ್ಮೆ ಗ್ಯಾಸಿನವರು, ಒಮ್ಮೆ ಕರೆಂಟಿನವರು, ಒಮ್ಮೆ ಟೆಲಿಫೋನಿನವರು. ಮೂರು ಜನ ಒಟ್ಟಿಗೆ ಬಂದು ಒಂದೇ ಹೊಂಡ ತೋಡಲಿಕ್ಕೆ ಎಂತ ಕಷ್ಟ?” ಕಷ್ಟವೇನೂ ಇಲ್ಲ, ಮೂವರ ಬಜೆಟ್ಟೂ ಮೂರು ತಿಂಗಳಲ್ಲಿ ಮಂಜೂರಾಗುತ್ತದೆ, ಅಷ್ಟೆ. ಅಗೆಯುವುದಕ್ಕೆ ಪಾಲಿಕೆಯ ಪರವಾನಗಿ ಬೇಕು. ಅಗೆದವರು ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚನ್ನು ಕಟ್ಟಬೇಕು. ಮಳೆಗಾಲ ಕಾಲಿಡುವ ಮೊದಲು ಅಗೆತ ನಿಲ್ಲಬೇಕು. ನಿಯಮದಲ್ಲಿ ಕೊರತೆಯಿಲ್ಲ. ಈಗ ಡಾಂಬರು ತೆಗೆದು ಕಾಂಕ್ರೀಟು ಹಾಸುವ ಕೆಲಸ ಊರ ತುಂಬ ನಡೆದಿದೆ. ಕಾಂಕ್ರೀಟು ಮಳೆಗೆ ಬೇಗ ಕಿತ್ತುಬರುವುದಿಲ್ಲ ನಿಜ, ಆದರೆ ಒಮ್ಮೆ ಹಾಸಿದ ಮೇಲೆ ಗ್ಯಾಸಿನವನು ಬಂದರೆ ತೇಪೆ ಹಾಕುವುದು ಡಾಂಬರಿಗಿಂತ ಕಷ್ಟ. ಕೆಳಗಿನ ಕೊಳವೆಗಳ ವ್ಯವಸ್ಥೆ ಮೊದಲು, ಮೇಲಿನ ಹಾಸು ಆಮೇಲೆ ಆಗಬೇಕು. ನಿಮ್ಮ ಬೀದಿಯಲ್ಲಿ ಕೆಲಸ ಆರಂಭವಾದರೆ ಗುತ್ತಿಗೆದಾರನು ನಿಲ್ಲಿಸಿದ ಫಲಕವನ್ನು ಓದಿ: ಯಾರ ಕೆಲಸ, ಎಂದಿಗೆ ಮುಗಿಯಬೇಕು, ಎಷ್ಟು ವರ್ಷ ರಿಪೇರಿಯ ಹೊಣೆ ಅವನದು. ಫಲಕದ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಹೊಣೆಯ ಅವಧಿಯಲ್ಲಿ ಬಿದ್ದ ಗುಂಡಿಯನ್ನು ಅವನು ಸ್ವಂತ ಖರ್ಚಿನಿಂದ ಮುಚ್ಚಬೇಕು.

ಗುಂಡಿಯೆಂದರೆ ನಗೆಯ ವಿಷಯವಾಗಿ ಬಹಳ ದಿನ ನಡೆಯಿತು. ನಗೆಹಬ್ಬಗಳಲ್ಲಿ ಹಾಡೂ ಕಟ್ಟಿದರು. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ಮನೆಗೆ ನಡೆದು ಹೊರಟ ಹೆಸರಾಂತ ವೈದ್ಯರೊಬ್ಬರು ನೀರಿನ ಅಡಿಯಲ್ಲಿ ಕಾಣದೆ ತೆರೆದಿದ್ದ ಚರಂಡಿಯ ಬಾಯಿಗೆ ಬಿದ್ದು ತೀರಿಕೊಂಡರು. ಅಂದಿನಿಂದ ಆ ನಗೆ ನನಗೆ ಬರುವುದಿಲ್ಲ. ಆಮೇಲೆ ಚರಂಡಿಯ ಮುಚ್ಚಳಗಳ ಕೆಳಗೆ ಕಬ್ಬಿಣದ ಜಾಲರಿ ಇಡತೊಡಗಿದರು. ಹಾದಿಹೋಕರೇ ನೀರು ಇಳಿಯಲೆಂದು ಮುಚ್ಚಳ ತೆಗೆಯುವುದುಂಟು, ಅದನ್ನು ಮಾತ್ರ ಯಾರೂ ಮಾಡಬೇಡಿ. ಮುಚ್ಚಳವಿಲ್ಲದ್ದು ಕಂಡರೆ 1916 ಎಂಬ ಪಾಲಿಕೆಯ ಸಂಖ್ಯೆಗೆ ಫೋನು ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಒಂದು ಹೊಸ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ಗೊತ್ತುಮಾಡಿದ ಮಾನವನ್ನು ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ, ಹೊಣೆ ಹೊತ್ತ ಅಧಿಕಾರಿ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಅದಕ್ಕಿಂತ ಹೆಚ್ಚಿನ ಮಾತು 2025ರ ಅಕ್ಟೋಬರಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದಿಂದ ಬಂತು. ಗುಂಡಿಯಿಂದಲೋ ತೆರೆದ ಚರಂಡಿಬಾಯಿಯಿಂದಲೋ ಸತ್ತವರ ಮನೆಯವರಿಗೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ ಗಾಯಕ್ಕೆ ತಕ್ಕಂತೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ಕೊಡಬೇಕು. ಕೊಡಬೇಕಾದವರು ಆ ರಸ್ತೆಯ ಹೊಣೆ ಹೊತ್ತ ಸಂಸ್ಥೆಯವರು. ಪಾಲಿಕೆಯ ಊರುಗಳಲ್ಲಿ ಕಮಿಶನರರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯೂ ಕೂಡಿದ ಸಮಿತಿ ಅದನ್ನು ತೀರ್ಮಾನಿಸಬೇಕು. ರಸ್ತೆ ಯಾರದು ಎಂಬ ಪ್ರಶ್ನೆಗೆ ಈಗ ರೂಪಾಯಿಯ ತೂಕ ಬಂದಂತಾಯಿತು.

ನಮ್ಮವರಲ್ಲಿ ಸ್ಕೂಟರಿನ ಮೇಲೆ ಅಂಗಡಿಗೆ ಸಾಮಾನು ಒಯ್ಯುವವರು, ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆಗೆ ಕೋಣೆಗೆ ನಡೆದು ಮರಳುವ ಹುಡುಗರು ಬಹಳ ಜನ ಇದ್ದಾರೆ. ಬಿದ್ದವರು ಮರುದಿನ ಊರಿನ ಎಣ್ಣೆ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಕಾಗದಪತ್ರದ ಗೊಡವೆಗೆ ಹೋಗುವುದಿಲ್ಲ. ಹಾಗೆ ಮಾಡಬೇಡಿ. ಬಿದ್ದ ಜಾಗದ ಫೋಟೋ ಅದೇ ದಿನ ತೆಗೆಸಿರಿ, ಏಕೆಂದರೆ ಅಪಘಾತವಾದ ಗುಂಡಿಯಷ್ಟು ಬೇಗ ಬೇರಾವ ಗುಂಡಿಯೂ ಮುಚ್ಚುವುದಿಲ್ಲ. ಹತ್ತಿರದ ಠಾಣೆಯಲ್ಲಿ ಬರೆಸಿರಿ. ಆಸ್ಪತ್ರೆಯ ಕೇಸುಪೇಪರಿನಲ್ಲಿ “ರಸ್ತೆಯ ಗುಂಡಿಗೆ ಬಿದ್ದು” ಎಂದೇ ಬರೆಯುವಂತೆ ಡಾಕ್ಟರರನ್ನು ಕೇಳಿರಿ. ಬರಿಯ “ಬಿದ್ದು” ಎಂದಿದ್ದರೆ ಮುಂದೆ ಸಾಲದು. ಔಷಧಿಯ ಬಿಲ್ಲು, ಎಕ್ಸ್-ರೇಯ ರಸೀದಿ, ಕೆಲಸಕ್ಕೆ ಹೋಗದ ದಿನಗಳ ಬಗ್ಗೆ ಮಾಲಕರ ಚೀಟಿ, ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಇಟ್ಟು, ಅರ್ಜಿ ಬರೆಯಲು ಗೊತ್ತಾಗದಿದ್ದರೆ ರವಿವಾರ ಸಂಜೆ ಸಂಘದ ಗ್ರಂಥಾಲಯಕ್ಕೆ ಬನ್ನಿ. ಐದರಿಂದ ಏಳರವರೆಗೆ ನಾನು ಅಲ್ಲಿಯೇ ಇರುತ್ತೇನೆ.